ಮೊದಲ ಚಪ್ಪಾಳೆ ಮುಗಿದ ಮೇಲೆ ಏನು ಹಾಡುವುದು?

ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅಂತಾರೆ. ಆಳಂದದಲ್ಲಿ ಬಿ.ಎ. ಓದುವಾಗ ಮೊದಲ ವರ್ಷದ ಗ್ಯಾದರಿಂಗಿನಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಹಾಡಿದ್ದೆವು. ನಮ್ಮ ಹತ್ತಿರ ಇದ್ದದ್ದು ಒಂದು ಹಳೆಯ ಗಿಟಾರ್, ಒಂದು ಢೋಲಕ್, ಮದುವೆ ಬ್ಯಾಂಡಿನವರನ್ನು ಕಾಡಿ ಬೇಡಿ ತಂದ ಒಂದು ಕೀಬೋರ್ಡ್. ಹಾಡಿದ್ದು ಮೂರು ಸಿನಿಮಾ ಹಾಡು. ಶಿಳ್ಳೆ, ಚಪ್ಪಾಳೆ, ಒನ್ಸ್ ಮೋರ್! ಮರುದಿನ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದ ಅಂಗಡಿಯವರು ನಮ್ಮಿಂದ ರೊಕ್ಕ ತಗೊಳ್ಳಲಿಲ್ಲ. ಒಂದು ವಾರ ನಾವು ನೆಲದ ಮೇಲೆ ನಡೆಯಲಿಲ್ಲ.

ಎರಡನೇ ವರ್ಷ ಬಂತು. ಢೋಲಕ್ ಬಾರಿಸುವ ಗೆಳೆಯ ಒಂದು ಮಾತು ಹೇಳಿದ: "ಈ ಸಲ ಕಡಕೋಳ ಮಡಿವಾಳಪ್ಪನ ಒಂದು ಪದ ಹಾಡೋಣಲೇ. ನಿಮ್ಮಪ್ಪಗ ಬರ್ತಾವಲ್ಲ, ಕಲ್ತು ಬಾ."

ನಾನು ನಕ್ಕುಬಿಟ್ಟೆ. "ಹುಚ್ಚ ಹಿಡದದೇನ್ ನಿನಗ? ಗುಡ್ಯಾಗ ಹಾಡೋ ಪದ ಗ್ಯಾದರಿಂಗಿನ್ಯಾಗ ಹಾಡಿದ್ರ ಮಂದಿ ಎದ್ದು ಹೋಗ್ತಾರ" ಅಂದೆ. ಹೋದ ವರ್ಷದ ಥರದ್ದೇ ಮೂರು ಸಿನಿಮಾ ಹಾಡು ಆರಿಸಿಕೊಂಡೆವು. ಚಪ್ಪಾಳೆ ಅರ್ಧಕ್ಕೆ ಇಳಿಯಿತು. ಮೂರನೇ ವರ್ಷ ನಮ್ಮನ್ನು ಯಾರೂ ಕರೆಯಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಬ್ಯಾಂಡ್ ಅಷ್ಟಕ್ಕೇ ಮುಗಿಯಿತು.

ಈ ಹಳೆಯ ಕತೆ ಮತ್ತೆ ನೆನಪಾಗಿದ್ದು ಒಂದು ಆಲ್ಬಮ್ಮಿನಿಂದ. ಈಗ ನಾನು ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮೊದಲ ಪ್ರಯತ್ನದಲ್ಲಿ ಕೆಲವೇ ಅಂಕಗಳಲ್ಲಿ ತಪ್ಪಿತು. ಎರಡನೆಯದಕ್ಕೆ ಕೂತಿದ್ದೇನೆ. ರಾತ್ರಿ ಓದಿ ಸಾಕಾದಾಗ ರೂಮಿನ ಗೆಳೆಯ ಮೊಬೈಲಿನಲ್ಲಿ ಹಾಡು ಹಚ್ಚುತ್ತಾನೆ. ಹಾಗೆ ಒಂದು ರಾತ್ರಿ ಕೇಳಿದ್ದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ತಂಡದ ಎರಡನೇ ಆಲ್ಬಂ 'ಜಗ್ ಚಂಗಾ'. ಬಂದದ್ದು 2013ರಲ್ಲಿ. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ಹಾಗಾಗಿ ಹೊಸ ಆಲ್ಬಮ್ಮಿನ ವಿಮರ್ಶೆ ಇದಲ್ಲ. ಎರಡನೇ ಸಲ ವೇದಿಕೆ ಹತ್ತುವವರ ಬಗ್ಗೆ ನನಗೆ ಅನ್ನಿಸಿದ ಒಂದೆರಡು ಮಾತು.

ರಘು ದೀಕ್ಷಿತ್ ಕತೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಮೈಕ್ರೊಬಯಾಲಜಿ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವರು. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬನ ಜೊತೆ ಕಟ್ಟಿದ ಪಂತಕ್ಕೆ. ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸ ಬಿಟ್ಟು ಬೆಂಗಳೂರಿಗೆ ಬಂದು ಹಾಡಲು ನಿಂತರು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ 2008ರಲ್ಲಿ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ತಮ್ಮ ಲೇಬಲ್‌ನಿಂದ ಮೊದಲ ಆಲ್ಬಂ ತಂದರು. ಝಣಝಣ ಅನ್ನುವ ಅಕೌಸ್ಟಿಕ್ ಗಿಟಾರ್, ಪಕ್ಕದಲ್ಲಿ ಪಿಟೀಲು, ಹಿಂದೆ ಡ್ರಮ್ಸ್. ಮೈಮೇಲೆ ಲುಂಗಿ, ಕಾಲಲ್ಲಿ ಗೆಜ್ಜೆ. ಹಿಂದಿ ಹಾಡುಗಳ ನಡುವೆ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ'.

ಆ ಮೊದಲ ಆಲ್ಬಂ ಗೆದ್ದಿತು. ಅದೇ 2008ರಲ್ಲಿ 'ಸೈಕೋ' ಸಿನಿಮಾದ ಮಹದೇಶ್ವರನ ಹಾಡು ಊರೂರಲ್ಲಿ ಮೊಳಗಿತು. 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ' ಬಂತು. 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ ಅವರಿಗೆ ಉತ್ತಮ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಇಷ್ಟೆಲ್ಲ ಆದ ಮೇಲೆ ಎರಡನೇ ಆಲ್ಬಂ ಬರಲು ಐದು ವರ್ಷ ಹಿಡಿಯಿತು.

ಯಾಕೆ ಅಷ್ಟು ಕಾಲ? ನನಗೆ ಅವರ ಮನೆಯ ಲೆಕ್ಕ ಗೊತ್ತಿಲ್ಲ. ಆದರೆ ಎರಡನೆಯದು ಯಾಕೆ ಕಷ್ಟ ಅನ್ನುವುದು ನಮ್ಮ ಗ್ಯಾದರಿಂಗಿನಿಂದಲೇ ನನಗೆ ಗೊತ್ತು. ಮೊದಲ ಸಲ ನಿಮ್ಮ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ, ಹಾಗಾಗಿ ಏನು ಹಾಡಿದರೂ ಹೊಸದು. ಅಲ್ಲಿಯವರೆಗೆ ಬದುಕಿದ ಬದುಕೆಲ್ಲ ಆ ಮೊದಲ ಹಾಡಿಗೆ ಬಂಡವಾಳ. ಎರಡನೇ ಸಲ ಜನ ಮೊದಲೇ ಒಂದು ಅಳತೆ ಹಿಡಿದು ಕೂತಿರುತ್ತಾರೆ. ಹೋದ ಸಲದ್ದನ್ನೇ ಕೊಟ್ಟರೆ ಇವನ ಹತ್ತಿರ ಇಷ್ಟೇ ಇದೆ ಅಂತಾರೆ. ಬೇರೆ ಕೊಟ್ಟರೆ ಹಾದಿ ತಪ್ಪಿದ ಅಂತಾರೆ. ಎರಡು ಮಾತಿಗೂ ಹೆದರಿದವನು ನಮ್ಮ ಹಾಗೆ ಮೂರನೇ ವರ್ಷ ವೇದಿಕೆ ಕೆಳಗೆ ಕೂರುತ್ತಾನೆ.

ಈ ಝಣಝಣ ಗಿಟಾರಿನ ಪಾಪ್ ಸಂಗೀತದ ಮೂಲಕ್ಕೆ ಹೋದರೂ ಇದೇ ಪ್ರಶ್ನೆ ಎದುರಾಗುತ್ತದೆ. ಅಮೆರಿಕದ 'ದಿ ಬರ್ಡ್ಸ್' ತಂಡ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನಿಂದ ಆ ನಾದವನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು 1965ರಲ್ಲಿ. ಮೊದಲ ಆಲ್ಬಮ್ಮಿನ ಶೀರ್ಷಿಕೆ ಹಾಡು ಬಾಬ್ ಡಿಲನ್ ಬರೆದದ್ದು. ಅದು ಗೆದ್ದ ಆರು ತಿಂಗಳೊಳಗೆ ಎರಡನೆಯದು ಬಂತು. ಅದರ ಶೀರ್ಷಿಕೆ ಹಾಡಿನ ಮಾತುಗಳು ಬಹುಪಾಲು ಬೈಬಲ್ಲಿನ ಹಳೆಯ ಒಡಂಬಡಿಕೆಯವು. ಎಲ್ಲಕ್ಕೂ ಒಂದು ಕಾಲವಿದೆ ಎಂಬ ಆ ಭಾಗಕ್ಕೆ ಜನಪದ ಗಾಯಕ ಪೀಟ್ ಸೀಗರ್ ರಾಗ ಹಾಕಿದ್ದರು. ಬರ್ಡ್ಸ್ ತಂಡ ಅದಕ್ಕೆ ತನ್ನ ಗಿಟಾರು ಸೇರಿಸಿತು. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು ಅಮೆರಿಕದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಹುಡುಗರು ಎದ್ದು ಹೋಗಲಿಲ್ಲ!

ನಮ್ಮಲ್ಲಿ ಇನ್ನೂ ಸ್ವಾರಸ್ಯದ ಉದಾಹರಣೆ ಇದೆ. ರಘು ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿರುವ 'ಸ್ವರಾತ್ಮ' ತಂಡದ ಎರಡನೇ ಆಲ್ಬಮ್ಮೂ ಅದೇ ಹೊತ್ತಿಗೆ, 2012ರಲ್ಲಿ ಬಂತು. ಹೆಸರು 'ಟೋಪಿವಾಲೆ'. ನಿರ್ಮಿಸಿದವರು ಶಂಕರ್-ಎಹಸಾನ್-ಲಾಯ್ ಮೂವರಲ್ಲಿ ಒಬ್ಬರಾದ ಲಾಯ್ ಮೆಂಡೋನ್ಸಾ. 2009ರ ಮೊದಲ ಆಲ್ಬಂ ಕುಣಿಸಿತ್ತು, ವೇದಿಕೆ ಮೇಲೆ ಕುದುರೆ ವೇಷ ಕಟ್ಟಿಕೊಂಡು ಕುಣಿಯುವ ವಾಸು ಜನರಿಗೆ ಅಚ್ಚುಮೆಚ್ಚಾಗಿದ್ದರು. ಕುಣಿತವನ್ನೇ ಮುಂದುವರಿಸಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಟೋಪಿ ಹಾಕುವ ರಾಜಕಾರಣದ ಮೇಲೆ, ಸುದ್ದಿ ಚಾನೆಲ್‌ಗಳ ಗದ್ದಲದ ಮೇಲೆ ಹಾಡು ಕಟ್ಟಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಒಂದು ಹಾಡು ಇಟ್ಟರು. ಕುಣಿಯಲು ಬಂದವರ ಮುಂದೆ ಅಂಥ ಹಾಡು ಹಾಡಲು ಎದೆ ಗಟ್ಟಿ ಬೇಕು.

ಒಂದೇ ಮನೆಯ ಅಣ್ಣ ತಮ್ಮ, ಎರಡು ವರ್ಷದ ಅಂತರದಲ್ಲಿ ಎರಡು ಎರಡನೇ ಆಲ್ಬಂ. ತಮ್ಮ ಹೊರಗಿನ ಸಮಾಜದ ಕಡೆ ತಿರುಗಿದ. ಅಣ್ಣ?

ಅಣ್ಣನ ಆಲ್ಬಮ್ಮಿನ ಬಗ್ಗೆ ನನಗೆ ಎರಡು ಮನಸ್ಸಿದೆ, ಅದನ್ನು ಮುಚ್ಚಿಡುವುದಿಲ್ಲ. 'ಜಗ್ ಚಂಗಾ' ಅಂದರೆ ಜಗತ್ತು ಚಂದ. ಹೆಸರೇ ಕನ್ನಡದ್ದಲ್ಲ. ಹಲವು ಹಾಡುಗಳು ಹಿಂದಿಯವು. ಮೊದಲ ಆಲ್ಬಮ್ಮಿನಲ್ಲಿದ್ದ ಒರಟುತನ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಾಡಿದಂಥ ಸಲಿಗೆ ಇಲ್ಲಿ ಕಡಿಮೆ, ಹೊಳಪು ಜಾಸ್ತಿ. ದೇಶ ವಿದೇಶದ ದೊಡ್ಡ ವೇದಿಕೆಗಳನ್ನು ಕಂಡು ಬಂದವರು ದೊಡ್ಡ ವೇದಿಕೆಗೆಂದೇ ಹೊಲಿಸಿದ ಅಂಗಿಯಂತೆ ಕೆಲವು ಹಾಡು ಕೇಳಿಸುತ್ತವೆ.

ಆದರೆ ಅದೇ ಆಲ್ಬಮ್ಮಿನಲ್ಲಿ 'ಲೋಕದ ಕಾಳಜಿ' ಇದೆ, 'ಕೋಡಗನ ಕೋಳಿ ನುಂಗಿತ್ತ' ಇದೆ. ಎರಡೂ ಶರೀಫರವು. ಇಲ್ಲೇ ನಾನು ನಿಂತೆ. ಲಂಡನ್ನು, ಮುಂಬೈ ಎರಡೂ ಕೈ ಬೀಸಿ ಕರೆಯುತ್ತಿರುವಾಗ, ಶರೀಫರನ್ನು ಮೊದಲ ಆಲ್ಬಮ್ಮಿಗೇ ಸಾಕು ಮಾಡಬಹುದಿತ್ತು. ಒಮ್ಮೆ ಹಾಡಿದರೆ ಅದು ರುಚಿಗೆ ಹಾಕಿದ ಒಗ್ಗರಣೆ ಅನ್ನಬಹುದು. ಎರಡನೇ ಸಲವೂ ಹಾಡಿದರೆ ಇದು ನನ್ನ ಊಟ ಅಂತ ಹೇಳಿದಂತೆ. ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯನಾಗಿ, 1889ರಲ್ಲಿ ತೀರಿಕೊಂಡ ಒಬ್ಬ ಸಾಧು ತನ್ನ ಗಿಟಾರಿಗೆ ಬೇಕೇ ಬೇಕು ಎಂಬುದನ್ನು ರಘು ಎರಡನೇ ಆಲ್ಬಮ್ಮಿನಲ್ಲಿ ಖಚಿತ ಮಾಡಿದರು. ಉಳಿದ ಹಾಡುಗಳ ಹೊಳಪನ್ನು ನಾನು ಇದಕ್ಕಾಗಿ ಕ್ಷಮಿಸಬಲ್ಲೆ.

ಊರಿಗೆ ಹೋದಾಗ ಅಪ್ಪನಿಗೆ ಈ ಹಾಡು ಕೇಳಿಸಿದೆ. ಅಪ್ಪ ತೊಗರಿ ಬೆಳೆಯುವ ಸಣ್ಣ ರೈತ. ಶ್ರಾವಣದಲ್ಲಿ, ಅಮಾವಾಸ್ಯೆಯ ರಾತ್ರಿ ಊರ ಗುಡಿಯಲ್ಲಿ ಭಜನೆಗೆ ಕೂರುವವರು. ಏಕತಾರಿ, ದಮ್ಮಡಿ, ತಾಳ, ಇಷ್ಟೇ ಅವರ ವಾದ್ಯ. ಮೊಬೈಲ್ ಕಿವಿ ಹತ್ತಿರ ಹಿಡಿದು ಪೂರ್ತಿ ಕೇಳಿದರು.

"ಭಾಳ ಓಡ್ಲತಾನಲ್ಲೋ ತಮ್ಮಾ ಇಂವ. ಪದಕ್ಕ ಉಸಿರು ತಗೊಳ್ಳಾಕ ಬಿಡಂಗಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಆದ್ರೂ ಶರೀಫಜ್ಜನ ಕೈ ಬಿಟ್ಟಿಲ್ಲ ನೋಡು. ಅದು ಖರೇ."

ಅಪ್ಪನ ತಕರಾರಿನಲ್ಲಿ ತಥ್ಯವಿದೆ. ಭಜನೆಯಲ್ಲಿ ಒಂದು ನುಡಿ ಹಾಡಿ ನಿಲ್ಲಿಸುತ್ತಾರೆ. ಒಬ್ಬರು ಅದರ ಒಳ ಅರ್ಥ ಹೇಳುತ್ತಾರೆ, ಇನ್ನೊಬ್ಬರು ಅಲ್ಲ ಅಂತಾರೆ, ವಾದ ನಡೆಯುತ್ತದೆ, ಮತ್ತೆ ಪದ ಮುಂದೆ ಹೋಗುತ್ತದೆ. ಕೋಡಗ ಯಾವುದು, ಕೋಳಿ ಯಾವುದು ಅಂತ ಬೆಳಗಾಗುವ ತನಕ ಮಾತಾಡಿದ ರಾತ್ರಿಗಳನ್ನು ನಾನೇ ಕಂಡಿದ್ದೇನೆ. ಬ್ಯಾಂಡು ಹೀಗೆ ನಿಲ್ಲುವುದಿಲ್ಲ. ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ತತ್ವ ಹೋಗಿ ತಾಳ ಉಳಿಯುವ ಅಪಾಯ ಖಂಡಿತ ಇದೆ.

ಆದರೆ ಇನ್ನೊಂದು ಮಗ್ಗುಲೂ ಇದೆ. ಶರೀಫರ ಪದಗಳು ಇವತ್ತು ಕರ್ನಾಟಕದ ಮೂಲೆ ಮೂಲೆಗೆ ಗೊತ್ತಿರುವುದು ಹೇಗೆ? ಸಿ. ಅಶ್ವತ್ಥ್ ಅವುಗಳಿಗೆ ರಾಗ ಹಾಕಿದರು, ಶಿವಮೊಗ್ಗ ಸುಬ್ಬಣ್ಣ ಹಾಡಿದರು, ಕ್ಯಾಸೆಟ್ಟುಗಳು ಬಂದವು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಆಗಲೂ ಹಾರ್ಮೋನಿಯಂ, ತಬಲ ಏಕತಾರಿಯ ಜಾಗಕ್ಕೆ ಬಂದಿದ್ದವು. ಯಾರಾದರೂ ಆಗಲೂ ಇದು ಮೂಲದ ಧಾಟಿಯಲ್ಲ ಅಂದಿರಬಹುದು. ಪದ ಸಾಯಲಿಲ್ಲ, ಹರಡಿತು. ಅಶ್ವತ್ಥ್ ಅವರಿಂದ ಕೇಳಿದವರ ಮಕ್ಕಳು ರಘು ಅವರಿಂದ ಕೇಳಿದರು. ಈಗ ನನ್ನಂಥವನು ಗಿಟಾರಿನಿಂದ ಶುರು ಮಾಡಿ ಹಿಂದಕ್ಕೆ ನಡೆದು ಅಪ್ಪನ ಏಕತಾರಿಯವರೆಗೆ ಬಂದಿದ್ದಾನೆ.

ಇನ್ನು ನಮ್ಮ ಸೀಮೆಯ ಮಾತು. ಶರೀಫರಿಗಿಂತ ಮೊದಲಿನವರು ಕಡಕೋಳ ಮಡಿವಾಳಪ್ಪ. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು, ನೆಲೆ ನಿಂತದ್ದು ಹಿಂದಿನ ಜೇವರ್ಗಿ ತಾಲ್ಲೂಕಿನ, ಈಗ ಯಡ್ರಾಮಿಗೆ ಸೇರಿದ ಕಡಕೋಳ. ಜಾತಿಯ ಸೊಕ್ಕನ್ನು, ಮಠದ ಡಂಭಾಚಾರವನ್ನು ಮುಖಕ್ಕೆ ಹೊಡೆದಂತೆ ಹಾಡಿದವರು. ಅವರ ಶಿಷ್ಯ ಬಳಗದಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ಜಾತಿ ಧರ್ಮ ಕೇಳದೆ ಬೆಳೆದ ಬಳಗ ಅದು. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗುವವರೂ ಗುಡಿಯ ಭಜನೆಗೆ ಕೂರುವವರೂ ಬೇರೆ ಬೇರೆ ಮಂದಿಯಲ್ಲ ಅಂತ ನಮ್ಮ ಹಿರಿಯರು ಹೇಳುವುದರ ಹಿಂದೆ ಇಂಥ ಪದಗಳ ಕೈವಾಡವೂ ಇದೆ.

ಶರೀಫರಿಗೆ ಅಶ್ವತ್ಥ್ ಸಿಕ್ಕರು, ಸಿನಿಮಾ ಸಿಕ್ಕಿತು, ರಘು ದೀಕ್ಷಿತರ ಎರಡು ಆಲ್ಬಂ ಸಿಕ್ಕವು. ಮಡಿವಾಳಪ್ಪನಿಗೆ ಸಿಕ್ಕಿದ್ದು ಭಜನೆ ಮಂದಿ, ಜೊತೆಗೆ ಪದಗಳನ್ನು ಸಂಗ್ರಹಿಸಿದ ಕೆಲವು ವಿದ್ವಾಂಸರು. ಪುಸ್ತಕಗಳು ಬಂದಿವೆ, ಒಳ್ಳೆಯದು. ಆದರೆ ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಧಾಟಿ ಇರುವುದು ಹಾಡುವವರ ಗಂಟಲಿನಲ್ಲಿ.

ಇದು ಬರೀ ಭಾವನೆಯ ಮಾತಲ್ಲ. ಅಪ್ಪನ ಭಜನೆ ಮೇಳದಲ್ಲಿ ಒಬ್ಬ ಮುತ್ಯಾ ಇದ್ದರು. ಓದು ಬರಹ ಇರಲಿಲ್ಲ, ನೂರಾರು ಪದ ಬಾಯಲ್ಲಿದ್ದವು. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ, ಗೆಳೆಯ ಆ ಮಾತು ಹೇಳಿದಾಗ, ಮುತ್ಯಾ ಬದುಕಿದ್ದರು. ನಮ್ಮ ಮನೆಯಿಂದ ಅವರ ಮನೆಗೆ ಹತ್ತು ಹೆಜ್ಜೆ. ಮರುವರ್ಷ ತೀರಿಕೊಂಡರು. ಅವರ ಪದಗಳಲ್ಲಿ ಅರ್ಧಕ್ಕಿಂತ ಕಡಿಮೆ ಅಪ್ಪನಿಗೆ ಬರುತ್ತವೆ. ಉಳಿದವುಗಳಲ್ಲಿ ಕೆಲವು ಪುಸ್ತಕದಲ್ಲಿ ಸಿಗಬಹುದು, ಮುತ್ಯಾ ಹಾಡುತ್ತಿದ್ದ ಧಾಟಿ ಎಲ್ಲೂ ಸಿಗುವುದಿಲ್ಲ. ಆಗ ನನ್ನ ಕಿಸೆಯಲ್ಲಿ ಮೊಬೈಲ್ ಇತ್ತು, ಅದರಲ್ಲಿ ರೆಕಾರ್ಡರ್ ಇತ್ತು. ಅದರಿಂದ ನಾನು ನಮ್ಮದೇ ಗ್ಯಾದರಿಂಗಿನ ಚಪ್ಪಾಳೆ ರೆಕಾರ್ಡ್ ಮಾಡಿಕೊಂಡಿದ್ದೆ. 'ಮಂದಿ ಎದ್ದು ಹೋಗ್ತಾರ' ಎಂಬ ನನ್ನ ಹೆದರಿಕೆಯ ಬೆಲೆ ಇದು.

ಇಲ್ಲಿ ಕೆಲವರು ಕೇಳಬಹುದು: ನೌಕರಿ ಇಲ್ಲ, ವಯಸ್ಸು ಮೀರುತ್ತಿದೆ, ಇಂಥ ಹೊತ್ತಲ್ಲಿ ಹಾಡು ಹಿಡಿದು ಕೂತರೆ ಹೊಟ್ಟೆ ತುಂಬುತ್ತದೆಯೇ? ನ್ಯಾಯವಾದ ಪ್ರಶ್ನೆ. ನಾನೂ ಅದೇ ಸಾಲಿನಲ್ಲಿ ನಿಂತವನು. ಎಲ್ಲರೂ ಕೆಲಸ ಬಿಟ್ಟು ಗಿಟಾರ್ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ. ರಘು ದೀಕ್ಷಿತ್ ಬಿಟ್ಟು ಬಂದದ್ದು ಬೆಲ್ಜಿಯಂನ ಕೆಲಸವನ್ನು. ಬಿಡಲು ನಮ್ಮ ಹತ್ತಿರ ಮೊದಲು ಒಂದು ಕೆಲಸ ಇರಬೇಕಲ್ಲ!

ನಾನು ಹೇಳುವುದು ಬೇರೆ. ಎರಡನೇ ಪ್ರಯತ್ನ ಎಂಬುದು ಪರೀಕ್ಷೆಗೂ ಹಾಡಿಗೂ ಒಂದೇ ಪಾಠ ಕಲಿಸುತ್ತದೆ. ಮೊದಲ ಸಲ ಪರೀಕ್ಷೆ ಬರೆದಾಗ ಎಲ್ಲರೂ ಓದುವ ನೋಟ್ಸನ್ನೇ ಓದಿದೆ, ಎಲ್ಲರೂ ಬರೆಯುವ ಉತ್ತರವನ್ನೇ ಬರೆದೆ. ಈ ಸಲ ಪ್ರಬಂಧಕ್ಕೆ ನಮ್ಮ ಭಾಗದ ವಿಷಯ ಓದುತ್ತಿದ್ದೇನೆ. 371(ಜೆ) ಯಾಕೆ ಬಂತು, ತತ್ವಪದಕಾರರು ಯಾರು, ತೊಗರಿಯ ಕಣಜ ಅನ್ನಿಸಿಕೊಂಡ ಜಿಲ್ಲೆಯ ರೈತ ಯಾಕೆ ಸಾಲದಲ್ಲಿದ್ದಾನೆ. ಪಾಸಾಗುತ್ತೇನೋ ಇಲ್ಲವೋ, ಬರೆಯುವಾಗ ಬೇರೆಯವರ ಮಾತು ಗಿಳಿಪಾಠ ಒಪ್ಪಿಸಿದಂತೆ ಇರುವುದಿಲ್ಲ. ಮೊದಲ ಸಲ ಗೆದ್ದವರಾಗಲಿ ಸೋತವರಾಗಲಿ, ಎರಡನೇ ಸಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಲ್ಲಿ ನನ್ನದು ಏನಿದೆ?

ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ರಜೆಗೆ ಊರಿಗೆ ಹೋದಾಗ ಹಾಡುವ ಹಿರಿಯರ ಪಕ್ಕ ಅರ್ಧ ತಾಸು ಕೂರಿ. ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಒಂದು ಪದ ರೆಕಾರ್ಡ್ ಮಾಡಿ. ಪದ ಯಾರದು, ಯಾರಿಂದ ಕಲಿತರು, ಯಾವ ಊರು, ಯಾವ ದಿನ ಅಂತ ಬರೆದಿಡಿ. ಅವರನ್ನು ಕೇಳದೆ ರೀಲ್ಸ್‌ಗೆ ಹಾಕಬೇಡಿ. ಅರ್ಥ ಕೇಳಿ, ತಿಳಿಯದಿದ್ದರೆ ಮತ್ತೆ ಕೇಳಿ. ಬರೀ ತತ್ವಪದವೇ ಆಗಬೇಕೆಂದಿಲ್ಲ. ಅವ್ವನ ಬೀಸುವ ಪದ, ಮೊಹರಂನ ರಿವಾಯತ್, ಸೋಬಾನೆ ಯಾವುದೂ ಆದೀತು. ಆಮೇಲೆ ನಿಮಗೆ ಗಿಟಾರ್ ಬಂದರೆ ಗಿಟಾರ್, ಕೀಬೋರ್ಡ್ ಬಂದರೆ ಕೀಬೋರ್ಡ್. ಮೊದಲು ಅವರ ಧಾಟಿಯಲ್ಲಿ ಪೂರ್ತಿ ಕಲಿತು, ನಂತರ ನಿಮ್ಮ ವಾದ್ಯಕ್ಕೆ ತನ್ನಿ. ಓಡಬೇಡಿ, ಪದಕ್ಕೆ ಉಸಿರು ತಗೊಳ್ಳಲು ಬಿಡಿ. ಈ ಕೊನೆಯ ಸಲಹೆ ನನ್ನದಲ್ಲ, ಅಪ್ಪನದು.

ಕಾಲೇಜುಗಳಿಗೂ ಒಂದು ಮಾತು. ಗ್ಯಾದರಿಂಗಿನಲ್ಲಿ ಹತ್ತು ಸಿನಿಮಾ ಕುಣಿತಕ್ಕೆ ಜಾಗ ಇದ್ದರೆ, ಊರಿನ ಒಂದು ಭಜನೆ ಮೇಳಕ್ಕೆ ವಿದ್ಯಾರ್ಥಿಗಳ ಜೊತೆ ಹಾಡಲು ಅರ್ಧ ಗಂಟೆ ಕೊಡಿ. ನಮ್ಮ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ದೇಶದ ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಅಲ್ಲಿಗೆ ಓದಲು ಬರುತ್ತಾರೆ. ಅವರಿಗೆ ನಾವು ಕೇಳಿಸುವುದು ಮದುವೆ ಮೆರವಣಿಗೆಯ ಡಿಜೆ ಮಾತ್ರ ಆಗಬಾರದು.

ಹೋದ ತಿಂಗಳು ಢೋಲಕ್ ಗೆಳೆಯನಿಗೆ ಫೋನ್ ಮಾಡಿದೆ. ಅವನು ಈಗ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆ. "ಆವತ್ತು ನೀ ಹೇಳಿದ್ದ ಪದ ಹಾಡೋಣೇನು?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಈಗ ಬುದ್ಧಿ ಬಂತೇನ್ ಮಗನ? ಪರೀಕ್ಷಾ ಮುಗಿಸಿ ಬಾ, ಢೋಲಕ್ ಮನ್ಯಾಗೇ ಅದ" ಅಂದ.

ಅಪ್ಪನಿಂದ ಒಂದು ಪದ ಕಲಿಯಲು ಶುರು ಮಾಡಿದ್ದೇನೆ, ಎರಡು ನುಡಿ ಬಂದಿವೆ. ಈ ಶ್ರಾವಣದಲ್ಲಿ ಊರ ಗುಡಿಯಲ್ಲಿ ಗಿಟಾರ್ ಹಿಡಿದು ಕೂರಬೇಕೆಂದಿದ್ದೇವೆ. ಹಿರಿಯರು ಒಪ್ಪುತ್ತಾರೋ, ಬೈಯುತ್ತಾರೋ ಗೊತ್ತಿಲ್ಲ. ಮಂದಿ ಎದ್ದು ಹೋದರೆ ಹೋಗಲಿ. ಅಪ್ಪ ಮತ್ತು ಅವರ ಏಕತಾರಿಯವರಂತೂ ಕೂತೇ ಇರುತ್ತಾರೆ. ನಮಗೆ ಸದ್ಯಕ್ಕೆ ಅಷ್ಟು ಮಂದಿ ಸಾಕು.